ನಮ್ಮ ಕಡೆ 'ಹೆಡ್' ಬಂದ ಕಥೆ

'ಹೆಡ್' ಅಂದ್ರೆ ತಲೆ. ಇಷ್ಟನ್ನು ಒಂದನೇ ಕ್ಲಾಸಿನ ಹುಡುಗನೂ ಹೇಳ್ತಾನೆ. ಆದರೆ ಇಂಗ್ಲಿಷಿನವರ ತಲೆ ಬರೀ ಕತ್ತಿನ ಮೇಲೆ ಕೂತಿಲ್ಲ ನೋಡಿ. ಮೊಳೆಗೆ ಹೆಡ್ ಇದೆ, ಎಲೆಕೋಸಿಗೆ ಹೆಡ್ ಇದೆ, ಮಂಚದಲ್ಲಿ ದಿಂಬಿಡುವ ಕಡೆಗೆ ಹೆಡ್, ನಾಣ್ಯದ ಒಂದು ಮೈಗೆ ಹೆಡ್, ಹೊಳೆ ಹುಟ್ಟುವ ಕಡೆಗೆ ಹೆಡ್, ಆಫೀಸಿನ ಯಜಮಾನನಿಗೆ ಹೆಡ್. ದನ ಎಣಿಸುವಾಗ ಇಂತಿಷ್ಟು ಹೆಡ್ ಅಂತಾರೆ. ಹಡಗಿನಲ್ಲಿ ಕಕ್ಕಸಿಗೂ ಹೆಡ್ಡೇ ಹೆಸರು! ಹಿಂದೆ ಅದು ಹಡಗಿನ ಮುಂತುದಿಯಲ್ಲಿ ಇರುತ್ತಿತ್ತು, ಅದಕ್ಕೇ. ಕನ್ನಡದಲ್ಲಿ ಇದಕ್ಕೊಂದು ಡಕಾರ ಜಾಸ್ತಿ ಸೇರಿಸಿ 'ಹೆಡ್ಡ' ಅಂದರೆ ಏನಾಗುತ್ತೆ ಅಂತ ನಿಮಗೇ ಗೊತ್ತು :-)

ನನಗೆ ಕುತೂಹಲ ಇದ್ದದ್ದು ಬೇರೆ ವಿಷಯಕ್ಕೆ. ಈ ಹೆಡ್ಡು ನಮ್ಮ ಕಡೆಗೆ, ಅಂದರೆ ಆಳಂದ, ಅಫಜಲಪುರ, ಜೇವರ್ಗಿಗೆ, ಯಾವಾಗ ಮತ್ತು ಹೇಗೆ ಬಂತು? ಧಾರವಾಡ, ಮಂಗಳೂರು ಕಡೆಯ ಗೆಳೆಯರಿಗೆ ಇದು ಪ್ರಶ್ನೆಯೇ ಅನ್ನಿಸಲಿಕ್ಕಿಲ್ಲ. ನಿಮ್ಮಲ್ಲಿ ಕಂಪನಿ ಸರಕಾರದ ಕಾಲದಿಂದಲೇ ಇಂಗ್ಲಿಷು ಕಚೇರಿಯೊಳಗೆ ಕೂತಿತ್ತು. ನಮ್ಮದು ನಿಜಾಮರ ಸೀಮೆ. 1871ರಲ್ಲಿ ಸೊಲ್ಲಾಪುರದ ಕಡೆಯಿಂದ ರಾಯಚೂರಿಗೆ ರೈಲು ಬಂತು, ಸ್ಟೇಷನ್ನುಗಳಲ್ಲಿ ಇಂಗ್ಲಿಷೂ ಬಂತು. ಆದರೆ ರೈಲು ಹಳಿ ದಾಟಿ ಒಂದು ಹರದಾರಿ ಹೋದರೆ ಅದರ ಆಟ ನಡೀತಿರಲಿಲ್ಲ. ಹೆಡ್ಡು ಬರುವ ಹೊತ್ತಿಗೆ ಇಲ್ಲಿ ಆಗಲೇ ಎರಡು ತಲೆಗಳು ಇದ್ದವು.

ಒಂದು ನಮ್ಮ 'ತೆಲಿ'. ಕಲಬುರಗಿ ಕಡೆ ತಲೆ ಅನ್ನಲ್ಲ, ತೆಲಿ. "ತೆಲಿ ಕೆಡಿಸ್ಕೋಬ್ಯಾಡ", "ಸುಮ್ನ ತೆಲಿ ತಿನಬ್ಯಾಡ ನೀ", ಇವು ದಿನಾ ಕೇಳೋ ಮಾತು. ತಲೆಬಾಗಿಲು, ತಲೆಮಾರು, ಅಕ್ಷರದ ತಲೆಕಟ್ಟು, ಎಲ್ಲವೂ ಮನೆಯ ಮಾತು, ಹೊಲದ ಮಾತು, ಶಾಲೆಯ ಮಾತು. ಕಚೇರಿಯ ಕುರ್ಚಿಯ ಮೇಲೆ ತೆಲಿ ಕೂತಿದ್ದನ್ನು ನಾನಂತೂ ನೋಡಿಲ್ಲ.

ಕುರ್ಚಿಯ ಮೇಲೆ ಕೂತಿದ್ದು ಎರಡನೆಯದು, ಪಾರ್ಸಿ ಭಾಷೆಯ 'ಸರ್'. ಅದಕ್ಕೂ ತಲೆ ಅಂತಲೇ ಅರ್ಥ. ಸರ್ಕಾರ ಅಂದರೆ ಕಾರ್ಯಗಳ ತಲೆ, ಸರದಾರ ಅಂದರೆ ತಲೆಯಾಗಿ ಇರುವವನು, ಸರಹದ್ದು ಅಂದರೆ ಹದ್ದಿನ ತುದಿ. ಸರಂಜಾಮು, ಸರಾಸರಿ ಇವುಗಳೊಳಗೂ ಅದೇ ಸರ್ ಇದೆ. ತುದಿಯಿಂದ ತುದಿಗೆ, ತಲೆಯಿಂದ ತಲೆಗೆ ಅನ್ನುವ 'ಸರಾಸರ್'ನಿಂದ ನಮ್ಮ ಗಣಿತದ ಸರಾಸರಿ ಬಂತು. ಇವುಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಶಿರಸ್ತೇದಾರ. ಮೂಲದಲ್ಲಿ ಅದು 'ಸರ್-ರಿಶ್ತಾ-ದಾರ್'. ರಿಶ್ತಾ ಅಂದರೆ ದಾರ. ದಾರದ ತುದಿಯನ್ನು ಕೈಯಲ್ಲಿ ಹಿಡಿದವನು, ದಫ್ತರದ ಯಜಮಾನ. ನಮ್ಮವರ ಬಾಯಲ್ಲಿ ಅದು 'ಶಿರ'ಸ್ತೇದಾರ ಆಯ್ತು. ಸಂಸ್ಕೃತದ ಶಿರಸ್ಸನ್ನು ತಂದು ಅಂಟಿಸಿಬಿಟ್ಟರು! ಮಜಾ ಏನಂದ್ರೆ ಹಾಗೆ ಅಂಟಿಸಿದ್ದು ಪೂರ್ತಿ ತಪ್ಪೂ ಅಲ್ಲ. ಪಾರ್ಸಿಯ ಸರ್ ಮತ್ತು ಸಂಸ್ಕೃತದ ಶಿರಸ್ ಒಂದೇ ಬೇರಿನ ಅಣ್ಣತಮ್ಮಂದಿರು. ತಹಶೀಲ ಕಚೇರಿಯಲ್ಲಿ ಈಗಲೂ ಶಿರಸ್ತೇದಾರರಿದ್ದಾರೆ.

ಇನ್ನು ಶಾಲೆ. ಹೈದರಾಬಾದ್ ಸಂಸ್ಥಾನದಲ್ಲಿ 1884ರ ತನಕ ಆಡಳಿತಭಾಷೆ ಪಾರ್ಸಿ, ಆಮೇಲೆ ಉರ್ದು. ಶಾಲೆಯ ಹೆಡ್ಮಾಸ್ತರಿಗೆ ಉರ್ದುವಿನಲ್ಲಿ 'ಸದರ್ ಮುದರ್ರಿಸ್'. ಈ ಸದರ್ ತಲೆಯಲ್ಲ ಮಾರಾಯ್ರೆ, ಎದೆ! ಅರಬ್ಬಿಯಲ್ಲಿ ಸದ್ರ್ ಅಂದರೆ ಎದೆ, ಅಲ್ಲಿಂದ ಮುಂಭಾಗ, ಅಲ್ಲಿಂದ ಮುಖ್ಯಸ್ಥ. ಇಂಗ್ಲಿಷರಿಗೆ ಮೇಲಿನವನು ತಲೆಯಾದರೆ ಅರಬ್ಬರಿಗೆ ಎದೆ. ಇವತ್ತು ಕನ್ನಡದ ಸರ್ಕಾರಿ ಪತ್ರದಲ್ಲಿ "ಸದರಿ ವಿಷಯಕ್ಕೆ ಸಂಬಂಧಿಸಿದಂತೆ" ಅಂತ ಬರೀತಾರಲ್ಲ, ಆ ಸದರಿಯೂ ಇದೇ ಎದೆಯ ಮೊಮ್ಮಗ. 1956ರ ನಂತರ ಸದರ್ ಮುದರ್ರಿಸ್ ಹೋಗಿ ಹೆಡ್ಮಾಸ್ತರು ಬಂದರು, ಈಗ ಮಕ್ಕಳು 'ಹೆಡ್ ಸರ್' ಅಂತಾರೆ. ಇದನ್ನು ಪಾರ್ಸಿ ಕಿವಿಯಿಂದ ಕೇಳಿದರೆ 'ತಲೆ ತಲೆ' ಅಂದ ಹಾಗೆ.

ಊರಿಗೆ ಬನ್ನಿ. ಇಂಗ್ಲಿಷ್ ದಾಖಲೆಗಳಲ್ಲಿ ಊರಿಗೊಬ್ಬ 'ಹೆಡ್‌ಮನ್' ಇರ್ತಾನೆ. ನಮ್ಮಲ್ಲಿ ಆ ಲೆಕ್ಕ ಕೂಡೋದಿಲ್ಲ. ಕಂದಾಯ ವಸೂಲಿಗೆ ಮಾಲಿ ಪಟೇಲ, ಕಳವು-ಜಗಳಕ್ಕೆ ಪೊಲೀಸ್ ಪಟೇಲ, ಹೀಗೆ ಒಂದು ಊರಿಗೆ ಎರಡು ತಲೆ. ಲೆಕ್ಕ ಬರೆಯಲು ಪಟವಾರಿ ಬೇರೆ. ವಂಶಪಾರಂಪರ್ಯದ ಈ ಹುದ್ದೆಗಳನ್ನು ರದ್ದು ಮಾಡುವ ಕಾನೂನು ಬಂದದ್ದು 1961ರಲ್ಲಿ, ಜಾರಿಯಾದದ್ದು 1963ರಲ್ಲಿ. ಹುದ್ದೆ ಹೋಯಿತು, ಹೆಸರು ಹೋಗಲಿಲ್ಲ. ಈ ಮೂರು ತಾಲ್ಲೂಕುಗಳಲ್ಲಿ ಯಾವ ಶಾಲೆಯ ಹಾಜರಿ ಪುಸ್ತಕ ತೆಗೆದರೂ ಮಾಲಿಪಾಟೀಲ, ಪೊಲೀಸ್‌ಪಾಟೀಲ ಸಿಕ್ಕೇ ಸಿಗ್ತಾರೆ.

ನನ್ನನ್ನು ಬಹಳ ದಿನ ಹಿಡಿದಿಟ್ಟದ್ದು ಮಾತ್ರ ನಾಣ್ಯ. 'ಹೆಡ್ಡಾ, ಟೇಲಾ' ಅಂತ ನಾಣ್ಯ ಚಿಮ್ಮುತ್ತೇವಲ್ಲ, ಆ ಹೆಡ್ ಯಾರದು? ರಾಜನದು. ವಿಕ್ಟೋರಿಯಾ, ಎಡ್ವರ್ಡ್, ಜಾರ್ಜ್, ಇವರ ಮುಖ ಇದ್ದ ಮೈ. ಆದರೆ ಹೈದರಾಬಾದ್ ಸಂಸ್ಥಾನಕ್ಕೆ ಅದರದೇ ನಾಣ್ಯ ಇತ್ತು, ಹಾಲಿ ಸಿಕ್ಕಾ. ಇಪ್ಪತ್ತನೆಯ ಶತಮಾನದ ಹಾಲಿ ಸಿಕ್ಕಾದ ಮೇಲೆ ನಿಜಾಮರ ಮುಖ ಇಲ್ಲ, ಚಾರ್‌ಮಿನಾರ್ ಇದೆ. ಆ ಚಾರ್‌ಮಿನಾರಿನ ಬಾಗಿಲೊಳಗೆ ಒಂದೇ ಒಂದು ಅಕ್ಷರ. ಮಹಬೂಬ್ ಅಲಿಖಾನರ ಕಾಲದ್ದಾದರೆ 'ಮೀಮ್', ಅಂದರೆ ಮಹಬೂಬ್‌ನ ಮೊದಲ ಅಕ್ಷರ. 1911ರಲ್ಲಿ ಪಟ್ಟಕ್ಕೆ ಬಂದ ಉಸ್ಮಾನ್ ಅಲಿಖಾನರದ್ದಾದರೆ 'ಐನ್', ಉಸ್ಮಾನ್‌ನ ಮೊದಲ ಅಕ್ಷರ. ರಾಜನ ತಲೆಯ ಬದಲು ರಾಜನ ಹೆಸರಿನ ತಲೆ!

ಈಗ ನಕ್ಷೆ ನೋಡಿ. ಆಳಂದದ ಪಕ್ಕಕ್ಕೆ ಅಕ್ಕಲಕೋಟ, ಅದರಾಚೆ ಸೊಲ್ಲಾಪುರ. ಅಫಜಲಪುರದ ಭೀಮೆ ದಾಟಿದರೆ ಇಂಡಿ. ಜೇವರ್ಗಿಯ ಪಡುವಣಕ್ಕೆ ಸಿಂದಗಿ. ಆ ಕಡೆ ಓಡಾಡುತ್ತಿದ್ದದ್ದು ಇಂಗ್ಲಿಷರ ರೂಪಾಯಿ. ನಮ್ಮವರು ಅದಕ್ಕೆ 'ಕಲ್ದಾರ' ಅಂತಿದ್ದರು. ಹೆಚ್ಚೂಕಡಿಮೆ ಏಳು ಹಾಲಿ ರೂಪಾಯಿಗೆ ಆರು ಕಲ್ದಾರ. ಸಂತೆಗೆ ಜೋಳ, ತೊಗರಿ ಹೊತ್ತುಕೊಂಡು ಗಡಿ ದಾಟಿದವನು ತಲೆಯಿಲ್ಲದ ದುಡ್ಡು ಇಟ್ಟುಕೊಂಡು ಹೋಗಿ ತಲೆಯಿರುವ ದುಡ್ಡು ತರಬೇಕಿತ್ತು, ನಡುವೆ ಬಟ್ಟಾ ಕಳೆದುಕೊಳ್ಳಬೇಕಿತ್ತು. ತಲೆಯಿದ್ದ ನಾಣ್ಯಕ್ಕೆ ಬೆಲೆ ಜಾಸ್ತಿ ಅನ್ನೋದನ್ನು ಇಂಗ್ಲಿಷಿನ ಒಂದಕ್ಷರ ಬಾರದ ರೈತನೂ ಹೀಗೆ ಕೈಯಾರೆ ಕಲಿತ. ಹೆಡ್ ಅನ್ನುವ ಮಾತು ಬರುವ ಮೊದಲೇ ಹೆಡ್ ಅನ್ನುವ ವಸ್ತು ಬಂದಿತ್ತು. ಚಿಮ್ಮುವ ಆಟಕ್ಕೆ ಹಿಂದೂಸ್ತಾನಿಯಲ್ಲಿ 'ಚಿತ್-ಪಟ್' ಅಂತಾರೆ, ಅಂಗಾತ, ಬೋರಲು. ಅಲ್ಲಿ ತಲೆಯ ಹಂಗೇ ಇಲ್ಲ. ಚಾರ್‌ಮಿನಾರಿನ ನಾಣ್ಯಕ್ಕೆ ಅದೇ ಸರಿ.

1947ರ ನಂತರ ಜಾರ್ಜನ ತಲೆಯೂ ಹೋಗಿ 1950ರಲ್ಲಿ ಸಾರನಾಥದ ಸಿಂಹಗಳು ನಾಣ್ಯದ ಮೇಲೆ ಬಂದವು. ಅವು ಒಂದು ಕಂಬದ ತಲೆ, ನಿಲ್ಲಿಸಿದವನು ಅಶೋಕ. ಆ ಅಶೋಕನ ಮುಖ ಹೇಗಿತ್ತು ಅಂತ ಕೇಳಿದರೆ ದೂರ ಹೋಗಬೇಕಿಲ್ಲ. ಜೇವರ್ಗಿಯಿಂದ ಭೀಮೆಯ ಜೊತೆ ಕೆಳಕ್ಕೆ ಹೋದರೆ ಚಿತ್ತಾಪುರ ತಾಲ್ಲೂಕಿನ ಸನ್ನತಿ, ಅದರ ಪಕ್ಕ ಕನಗನಹಳ್ಳಿ. ಅಲ್ಲಿಯ ಸ್ತೂಪದಲ್ಲಿ ಸಿಕ್ಕ ಒಂದು ಶಿಲ್ಪದ ಮೇಲೆ ಬ್ರಾಹ್ಮಿಯಲ್ಲಿ ಅಶೋಕರಾಯನ ಹೆಸರೇ ಕೆತ್ತಿದೆ. ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗಲಿಲ್ಲ, ಕ್ಷಮಿಸಿ.

ಹೆಡ್ಡಿಗೆ ಇನ್ನೊಂದು ಅರ್ಥ ಇದೆ, ಕಾಗದದ ಮೇಲಿನ ಅಂಕಣದ ತಲೆಬರಹ. ನೋಡಲು ಸಣ್ಣದು. ಆದರೆ ನಮ್ಮ ಕಡೆ ಮನೆಮನೆಗಳು ಇದರಲ್ಲಿ ಒದ್ದಾಡಿವೆ. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿಯಿತು, 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಕಚೇರಿಯ ಭಾಷೆ ಬದಲಾಯಿತು. ಹೊಲದ ಹಳೆ ಕಾಗದಗಳು ಮಾತ್ರ ಉರ್ದುವಿನಲ್ಲೇ ಉಳಿದವು. ಮನೆಯ ಟ್ರಂಕಿನೊಳಗೆ ಬಟ್ಟೆಯಲ್ಲಿ ಸುತ್ತಿಟ್ಟ ಅಂಥ ಕಾಗದ ಇಲ್ಲದ ಮನೆ ಕಡಿಮೆ. ಅದರಲ್ಲಿ ಅಜ್ಜನ ಹೆಸರು ಇದೆ ಅಂತ ಎಲ್ಲರಿಗೂ ಗೊತ್ತು. ಆದರೆ ಯಾವ ತಲೆಬರಹದ ಕೆಳಗೆ ಇದೆ? 'ಪಟ್ಟೇದಾರ' ಅನ್ನುವುದರ ಕೆಳಗೆ ಇದ್ದರೆ ಹೊಲ ಅವನದು. 'ಕಾಬಿಜ್' ಅನ್ನುವುದರ ಕೆಳಗಿದ್ದರೆ ಅವನು ಹೊಲದಲ್ಲಿ ಇದ್ದವನು, ಸ್ವಾಧೀನದಲ್ಲಿ ಇಟ್ಟುಕೊಂಡವನು, ಅಷ್ಟೇ. ಎರಡರ ನಡುವೆ ಒಂದು ಗೆರೆ. ಅಣ್ಣತಮ್ಮಂದಿರ ಪಾಲು, ಕೋರ್ಟು, ವಕೀಲರ ಫೀಸು ಎಲ್ಲಾ ಆ ಗೆರೆಯ ಮೇಲೆ ನಿಂತಿರ್ತದೆ.

ನಮ್ಮ ಮುತ್ಯಾ ನಿಜಾಮರ ಕಾಲದ ಶಾಲೆಯಲ್ಲಿ ಉರ್ದು ಕಲಿತವನು. ಸಹಿ ಮಾತ್ರ ಕನ್ನಡದಲ್ಲಿ ಹಾಕ್ತಿದ್ದ. ಸುಗ್ಗಿ ಮುಗಿದ ಮೇಲೆ ಅವನ ಹತ್ತಿರ ಜನ ಬರೋರು, ಜಾತಿ ಧರ್ಮ ಯಾವುದೂ ಇಲ್ಲ, "ಮುತ್ಯಾ, ಇದೊಂದೀಟು ಓದಿ ಹೇಳ್ರಿ" ಅಂತ. ಅವನು ಕಾಗದ ಬೆಳಕಿಗೆ ಹಿಡಿದು ಮೊದಲು ಹೆಸರು ಓದ್ತಿರಲಿಲ್ಲ, ಮೇಲಿನ ಸಾಲು ಓದ್ತಿದ್ದ. "ತೆಲಿ ಓದಿದ್ರ ಮೈ ತಿಳೀತದ" ಅಂತಿದ್ದ. ಅವನು ಹೋದ ಮೇಲೆ ನಮ್ಮ ಮನೆಯ ಕಾಗದವನ್ನೇ ಓದಿಸಲು ನಾವು ಪಕ್ಕದೂರಿನ ನಿವೃತ್ತ ಉರ್ದು ಮಾಸ್ತರನ್ನು ಹುಡುಕಿಕೊಂಡು ಹೋಗಬೇಕಾಯಿತು. ಹಾಗೆ ಓದಿ ಹೇಳುವವರು ವರ್ಷ ವರ್ಷಕ್ಕೆ ಕಡಿಮೆ ಆಗ್ತಿದ್ದಾರೆ.

ಇಂಗ್ಲಿಷ್ ಹೆಡ್ಡು ನಮ್ಮ ಕಡೆ ಪೂರಾ ಬೇರು ಬಿಟ್ಟದ್ದು ದುಡ್ಡಿನ ವಿಷಯದಲ್ಲಿ. ಬಜೆಟ್ಟಿನಲ್ಲಿ ಪ್ರತಿ ಖರ್ಚಿಗೂ ಒಂದು ಹೆಡ್. ಕನ್ನಡದಲ್ಲಿ 'ಲೆಕ್ಕ ಶೀರ್ಷಿಕೆ' ಅಂತಾರೆ, ಶೀರ್ಷ ಅಂದರೆ ಮತ್ತೆ ತಲೆಯೇ. ಆದರೆ ಊರಿನ ರಸ್ತೆ ಕೇಳಲು ಹೋದವನಿಗೆ ಸಿಗುವ ಉತ್ತರ "ಆ ಹೆಡ್‌ನಾಗ ರೊಕ್ಕಿಲ್ರಿ". ಶಾಲೆಯ ಕೋಣೆ ಕೇಳಿದರೆ "ಅದು ಬ್ಯಾರೆ ಹೆಡ್". 2002ರ ನಂಜುಂಡಪ್ಪ ಸಮಿತಿ ರಾಜ್ಯದಲ್ಲಿ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳನ್ನು ಗುರುತಿಸಿತು, ಅದರಲ್ಲಿ 21 ಆಗಿನ ಗುಲಬರ್ಗಾ ವಿಭಾಗದವು. ಸಂವಿಧಾನದ 98ನೇ ತಿದ್ದುಪಡಿಯಿಂದ 371(ಜೆ) ಬಂದ ಮೇಲೆ ನಮಗೇ ಅಂತ ಪ್ರತ್ಯೇಕ ಹಣ ಬರ್ತಿದೆ, ಅಂದರೆ ಇನ್ನಷ್ಟು ಹೆಡ್ಡುಗಳು. ಅಭಿವೃದ್ಧಿಯನ್ನು ಅಳೆಯುವ 'ತಲಾ ಆದಾಯ'ದಲ್ಲೂ ಇರೋದು ತಲೆಯೇ. ಜಿಲ್ಲೆ ಅದರಲ್ಲಿ ಯಾವಾಗಲೂ ಪಟ್ಟಿಯ ಕೆಳಗೆ.

ಇನ್ನು ನೀರು. ಪಂಪ್‌ಸೆಟ್ಟಿನ ಅಂಗಡಿಗೆ ಹೋದರೆ "ಹೆಡ್ ಎಷ್ಟು ಬೇಕ್ರಿ?" ಅಂತ ಕೇಳ್ತಾರೆ. ಇಲ್ಲಿ ಹೆಡ್ ಅಂದರೆ ನೀರನ್ನು ಎತ್ತಬೇಕಾದ ಎತ್ತರ. ಅಫಜಲಪುರ ತಾಲ್ಲೂಕಿನ ಸೊನ್ನದಲ್ಲಿ ಭೀಮೆಗೆ ಕಟ್ಟಿದ ಬ್ಯಾರೇಜಿನಿಂದ ನೀರೆತ್ತುವ ಲೆಕ್ಕವೂ ಇದೇ ಹೆಡ್ಡಿನದು. ಹೊಳೆ ತಗ್ಗಿನಲ್ಲಿ, ಹೊಲ ದಿಣ್ಣೆಯ ಮೇಲೆ. ಹೆಡ್ ಹೆಚ್ಚಿದಷ್ಟೂ ಕರೆಂಟು ಹೆಚ್ಚು ಬೇಕು.

ಜೇವರ್ಗಿಯದು ಇನ್ನೊಂದು ತರಹ. ಅಲ್ಲಿಗೆ ಭೀಮೆಯಲ್ಲದೆ ಕೃಷ್ಣೆಯೂ ಬರ್ತಾಳೆ, ಕಾಲುವೆಯಲ್ಲಿ. 1982ರಲ್ಲಿ ಮುಗಿದ ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆ, ಅದರಿಂದ ಕವಲೊಡೆದು ಜೇವರ್ಗಿ ಶಾಖಾ ಕಾಲುವೆ. ಕಾಲುವೆ ಶುರುವಾಗುವ ಕಡೆ ಗೇಟು ಇರುವ ಜಾಗಕ್ಕೆ ಹೆಡ್, ಮುಗಿಯುವ ಕಡೆಗೆ ಟೇಲ್. ನಾಣ್ಯ ಚಿಮ್ಮಿದರೆ ಒಮ್ಮೆಯಾದರೂ ಹೆಡ್ ಬೀಳಬಹುದು, ಕಾಲುವೆಯಲ್ಲಿ ಹಾಗಿಲ್ಲ. ಮೇಲಿನವರು ಭತ್ತ ಹಾಕಿದರೆ ಟೇಲಿನ ತೊಗರಿಗೂ ಹತ್ತಿಗೂ ನೀರು ಮುಟ್ಟೋದಿಲ್ಲ. "ಹೆಡ್‌ನಾಗ ಗೇಟ್ ತೆಗದು ಎಂಟು ದಿನ ಆಯ್ತಂತ, ನಮ್ಮ ಟೇಲಿಗಿ ಇನ್ನಾ ಹನಿ ಬಂದಿಲ್ಲ" ಅನ್ನೋದು ಆ ಕಡೆಯ ಬೇಸಿಗೆಯ ಮಾಮೂಲು ಮಾತು. ಹೆಡ್, ಗೇಟ್, ಟೇಲ್, ಮೂರಕ್ಕೂ ಅಲ್ಲಿ ಯಾರೂ ಕನ್ನಡ ಪದ ಹುಡುಕಲು ಹೋಗಿಲ್ಲ.