ಕಿಲುಬೇ ಕವಚ

ಖಟಕ ಚಿಂಚೋಳಿಯ ಮನೆಯಂಗಳದಲ್ಲಿ ಚಿಕ್ಕಪ್ಪನ ಮಗ ತನ್ನ ಹಳೆಯ ಸೈಕಲ್ಲಿನ ಬಣ್ಣವನ್ನೆಲ್ಲ ಕೆರೆದುಹಾಕಿದ್ದ. ಒಳಗಿನ ಅಲ್ಯೂಮಿನಿಯಂ ಫ್ರೇಮು ಥಳಥಳಿಸುತ್ತಿತ್ತು. ಹಾಗೇ ಬರಿಮೈಯಲ್ಲಿ ಓಡಿಸುವ ಆಸೆ. ಕಿಲುಬು ಹಿಡಿದೀತೆಂಬ ಅಂಜಿಕೆಯೂ. "ಅಕ್ಕಾ, ನೀ ಬಿದರಿ ಬಗ್ಗೆ ಓದ್ಲಿಕತ್ತಿ ಅಲ್ಲ, ಇದಕ್ಕೂ ಆ ಕ್ವಾಟಿ ಮಣ್ಣು ಹಚ್ಚಿದ್ರ ಹ್ಯಾಂಗ?" ಎಂದ. ನಕ್ಕುಬಿಟ್ಟೆ. ಆಮೇಲೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಬಿದರಿ ಕಲೆ ಬಹಮನಿಗಳ ಕಾಲದಲ್ಲಿ ಬೀದರಿಗೆ ಬಂತೆನ್ನುವುದು ರೂಢಿಯ ಮಾತು. ಆದರೆ ವಸ್ತುಸಂಗ್ರಹಾಲಯಗಳಲ್ಲಿ ಉಳಿದಿರುವ ಹಳೆಯ ಹುಕ್ಕಾ ಬುಡಗಳು, ತಟ್ಟೆಗಳು ಬಹುಪಾಲು 17ನೆಯ ಶತಮಾನದವು, ಇಲ್ಲವೇ ಅದರ ಈಚಿನವು. ರೂಢಿಗೂ ಪುರಾವೆಗೂ ನಡುವಿನ ಈ ಅಂತರವನ್ನು ನಮ್ಮ ಕರಪತ್ರಗಳು ಸುಲಭವಾಗಿ ಹಾರಿಬಿಡುತ್ತವೆ.

ಕೆಲಸದ ಬಗೆ ಹೀಗೆ. ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಉಜ್ಜಿದ ಮೈಗೆ ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ, ಕೊರೆಯುವ ಗೆರೆ ಕಣ್ಣಿಗೆ ಕಾಣಲೆಂದು. ಕೊರೆದ ಜಾಗಕ್ಕೆ ಬೆಳ್ಳಿ ಕೂರಿಸಿ, ಮತ್ತೆ ಉಜ್ಜುತ್ತಾರೆ. ಆಗ ಬೆಳ್ಳಿ ಯಾವುದು, ಸತುವು ಯಾವುದು ಎಂದು ಗುರುತಿಸುವುದೇ ಕಷ್ಟ. ಕೊನೆಗೆ ಕೋಟೆಯೊಳಗಿನ, ಮಳೆ ಬಿಸಿಲು ತಾಗದ ಹಳೆಯ ಜಾಗದ ಮಣ್ಣು ಮತ್ತು ನವಸಾಗರವನ್ನು ನೀರಿಗೆ ಹಾಕಿ ಕಾಯಿಸಿ, ವಸ್ತುವನ್ನು ಅದರಲ್ಲಿ ಅದ್ದುತ್ತಾರೆ. ಮಣ್ಣಿನ ಗುಣವನ್ನು ನಾಲಿಗೆಗೆ ಹಚ್ಚಿ ನೋಡುವ ಕಸಬುದಾರರೂ ಉಂಟು. ಲೋಹದ ಮೈ ಕ್ಷಣದಲ್ಲಿ ಕಗ್ಗಪ್ಪಾಗುತ್ತದೆ. ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಮೇಲೊಂದಿಷ್ಟು ಎಣ್ಣೆ ತಿಕ್ಕಿದರೆ ಆಯಿತು. ಅಂದರೆ ನಾವು ಮೆಚ್ಚುವ ಆ ಕಪ್ಪು ಬಣ್ಣವಲ್ಲ, ಬೇಕೆಂದೇ ಬರಿಸಿ, ಬೇಕಾದಷ್ಟಕ್ಕೇ ನಿಲ್ಲಿಸಿದ ಕಿಲುಬು. 2006ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದದ್ದು, 2023ರಲ್ಲಿ ಶಾಹ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ತಂದದ್ದು ಇದೇ ಕೈಚಳಕ.

ಅಲ್ಯೂಮಿನಿಯಂ ಈ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ. ಗಾಳಿ ಸೋಕಿದೊಡನೆ ಅದರ ಮೈಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ, ಕಣ್ಣಿಗೆ ಕಾಣದ ಆಕ್ಸೈಡ್ ಪೊರೆ ಕಟ್ಟುತ್ತದೆ. 1923ರಲ್ಲಿ ಇಂಗ್ಲೆಂಡಿನ ಬೆಂಗೌ ಮತ್ತು ಸ್ಟುವರ್ಟ್, ಸಮುದ್ರ ವಿಮಾನದ ಭಾಗಗಳನ್ನು ಉಪ್ಪುನೀರಿನಿಂದ ಕಾಪಾಡಲು, ವಿದ್ಯುತ್ತು ಹರಿಸಿ ಇದೇ ಪೊರೆಯನ್ನು ದಪ್ಪವಾಗಿಸಿದರು. ಆನೋಡೈಸಿಂಗ್ ಎನ್ನುವುದು ಅದನ್ನೇ. ಲೋಹವನ್ನು ಅಳತೆಯಲ್ಲಿ ಕೆಡಿಸಿ ಅದಕ್ಕೆ ಕವಚ ತೊಡಿಸುವ ವಿದ್ಯೆಯೆಂಬ ಮಟ್ಟಿಗೆ ಬೀದರಿನ ಕಸಬುದಾರರೂ ಇವರೂ ಒಂದೇ ಸಾಲಿನವರೆಂದು ನನಗನ್ನಿಸುತ್ತದೆ.

ಹಾಗಾದರೆ ತಮ್ಮನ ಸೈಕಲ್ಲಿಗೆ ಬಿದರಿ ಮಣ್ಣು ಯಾಕೆ ಬೇಡ? ನವಸಾಗರದಲ್ಲಿರುವುದು ಕ್ಲೋರೈಡ್. ಸತುವು, ತಾಮ್ರದ ಮೈಗೆ ಅಂದ ತರುವ ಅದೇ ಕ್ಲೋರೈಡ್ ಅಲ್ಯೂಮಿನಿಯಂ ಪೊರೆಯನ್ನು ಅಲ್ಲಲ್ಲಿ ಒಡೆದು ಗುಳಿ ತೋಡುತ್ತದೆ. ಬೆವರಿನ ಉಪ್ಪೂ ಮಾಡುವುದು ಇದನ್ನೇ. ಸೀಟಿನ ಕೊಳವೆ ಉಕ್ಕಿನದಾದರೆ ಇನ್ನೊಂದು ತೊಂದರೆ: ಎರಡು ಲೋಹಗಳ ನಡುವೆ ನೀರು ನಿಂತರೆ ಅಲ್ಯೂಮಿನಿಯಂ ಸವೆದು, ಕೊಳವೆ ಅಲ್ಲೇ ಕಚ್ಚಿಕೊಳ್ಳುತ್ತದೆ.

ಇಷ್ಟನ್ನು ಕೇಳಿ ಅವನು ಬರಿಮೈಯ ಆಸೆ ಬಿಡಲಿಲ್ಲ. ಫ್ರೇಮನ್ನು ತೊಳೆದು, ಪೂರ್ತಿ ಒಣಗಿಸಿ, ಮೇಣ ತಿಕ್ಕಿದ. ಸೀಟಿನ ಕೊಳವೆಗೆ ಗ್ರೀಸು ಸವರಿ ಇಳಿಸಿದ. ಮೇಣ ಮಳೆಗಾಲದಲ್ಲಿ ಬೇಗ ಹೋಗುತ್ತದೆ, ಮತ್ತೆ ಹಚ್ಚಬೇಕು ಎಂದೆ. "ಬಿದರಿಗೂ ಎಣ್ಣಿ ತಿಕ್ಕತಾರ ಅಂದ್ಯಲ್ಲ" ಎಂದ.