ವಿವಾಹ, ನಾಮಾಂತರ ಮತ್ತು ದಾಖಲೆ

ಖಾನಾಪುರ, ಬೆಳಗಾವಿಗಳ ಕಡೆ ಪೂರ್ಣನಾಮವು ಸಾಮಾನ್ಯವಾಗಿ ಮೂರು ಭಾಗಗಳಿಂದ ಕೂಡಿರುತ್ತದೆ: ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು. 1956ರವರೆಗೆ ಈ ಪ್ರದೇಶವನ್ನೊಳಗೊಂಡಿದ್ದ ಮುಂಬಯಿ ಪ್ರಾಂತದಲ್ಲಿ ಈ ಪದ್ಧತಿ ರೂಢವಾಗಿದ್ದಿತು. ವಿವಾಹಾನಂತರ ಸ್ತ್ರೀಗೆ ತಂದೆಯ ಹೆಸರಿನ ಸ್ಥಾನದಲ್ಲಿ ಪತಿಯ ಹೆಸರೂ, ತವರಿನ ಅಡ್ಡಹೆಸರಿಗೆ ಬದಲಾಗಿ ಅತ್ತೆಮನೆಯದೂ ಬರುತ್ತವೆ. ಕೆಲವು ಮನೆತನಗಳಲ್ಲಿ ಅಕ್ಕಿಯ ಮೇಲೆ ಹೊಸ ಹೆಸರನ್ನು ಬರೆದು ಮೊದಲ ಭಾಗವನ್ನೂ ಬದಲಿಸುವುದುಂಟು. ಅದೇ ಪ್ರಾಂತದಲ್ಲಿ ಹುಟ್ಟಿ 1886ರಲ್ಲಿ ಅಮೆರಿಕದಲ್ಲಿ ವೈದ್ಯಪದವಿ ಪಡೆದ ಆನಂದೀಬಾಯಿ ಜೋಶಿಯವರು ತವರಿನಲ್ಲಿ ಯಮುನೆಯಾಗಿದ್ದರು.

ಈ ವಿಧಿಗೆ ಪುರೋಹಿತರೂ ಬಂಧುಗಳೂ ಸಾಕ್ಷಿಗಳೇ ಹೊರತು ಲಿಖಿತ ದಾಖಲೆಯಿಲ್ಲ. ಪರದೇಶದಲ್ಲಿ ವಿವಾಹವಾಗಿ, ಪತಿಯೊಡನೆ ನೆಲೆಸಲು ವೀಸಾ ಬೇಡುವವಳಿಗೆ ತೊಡಕು ಹುಟ್ಟುವುದು ಇಲ್ಲಿಯೇ. ಶಾಲಾಪತ್ರ, ಪಾಸ್‌ಪೋರ್ಟ್, ವಿವಾಹಪತ್ರಗಳಲ್ಲಿ ಹೆಸರು ಬೇರೆಬೇರೆಯಾದರೆ, ಮೂರೂ ತನ್ನವೇ ಎಂದು ಸಾಧಿಸುವ ಹೊಣೆ ಅವಳದಾಗುತ್ತದೆ. 1969ರ ವಿದೇಶೀ ವಿವಾಹ ಕಾಯಿದೆಯಂತೆ ಭಾರತದ ವಿವಾಹಾಧಿಕಾರಿ ಕೊಡುವ ಪತ್ರವು ವಿವಾಹಕ್ಕೆ ನಿರ್ಣಾಯಕ ಸಾಕ್ಷ್ಯವಾಗಿದೆ. ಅದು ನಾಮಾಂತರವನ್ನು ವಿಧಿಸುವುದಿಲ್ಲ. ಪತಿಯ ಹೆಸರನ್ನು ಧರಿಸಲೇಬೇಕೆಂದು ನಮ್ಮ ಯಾವ ಕಾಯಿದೆಯೂ ಹೇಳುವುದಿಲ್ಲ. ಫ್ರಾನ್ಸಿನಲ್ಲಂತೂ 1794ರ ಶಾಸನವು ವ್ಯಕ್ತಿಯನ್ನು ಜನ್ಮನಾಮಕ್ಕೇ ಬದ್ಧಗೊಳಿಸಿತು.

ಸರಕಾರಿ ಕಾಗದಗಳ ಬೆಳಗಾಂ 2014ರ ನವೆಂಬರ್ 1ರಂದು ಬೆಳಗಾವಿಯಾಯಿತು. ಅದಕ್ಕೆ ಅಧಿಸೂಚನೆಯುಂಟು, ಹಳೆಯ ಹೆಸರಿನ ಪತ್ರ ತಂದವರನ್ನು ಬೇರೆ ಊರಿನವರೆಂದು ಶಂಕಿಸಲು ಕಾರಣವಿಲ್ಲ. ವಧುವಿಗೆ ಇಂಥ ಅಧಿಸೂಚನೆ ತಾನಾಗಿ ದೊರೆಯದು. ಆದುದರಿಂದ ನಾಮಾಂತರವು ಅವಳ ಇಚ್ಛೆಗೆ ಬಿಟ್ಟದ್ದಾಗಿರಬೇಕು. ಅವಳು ಬಯಸಿದರೆ, ಅರ್ಜಿಯ ನಡುವೆಯಲ್ಲ, ಅದಕ್ಕೆ ಮುನ್ನವೇ ಪಾಸ್‌ಪೋರ್ಟಿನಲ್ಲಿ ಹೊಸ ಹೆಸರು ನೆಲೆಗೊಳ್ಳಬೇಕೆಂದು ನಾವು ಭಾವಿಸುತ್ತೇವೆ.