ಬಸ್ಸಿಳಿದು ನಡೆದ ದಾರಿ: ಸಂಗಮ, ಮೇಕೆದಾಟು ಕಣಿವೆಯ ಚರಿತ್ರೆ

ನಮ್ಮ ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ನಮ್ಮ ಭಾಗದ ಚರಿತ್ರೆ ಬಗ್ಗೆ ಒಂದು ಲೇಖನ ಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನಾನು ಹಿಂಜರಿದೆ. ನಾನು ಪಂಡಿತನಲ್ಲ, ನೇಗಿಲು ಹಿಡಿದ ಕೈ. ಆದರೆ ಈಚೆಗೆ ನಮ್ಮೂರ ಶಾಲೆಯಲ್ಲಿ ಮಕ್ಕಳನ್ನು ಒಂದು ಮಾತು ಕೇಳಿದ್ದೆ, "ಮೇಕೆದಾಟು ನೋಡಿದವರು ಎಷ್ಟು ಜನ ಕೈ ಎತ್ತಿ" ಅಂತ. ಮೂವತ್ತು ಮಕ್ಕಳಲ್ಲಿ ಎದ್ದ ಕೈ ನಾಲ್ಕೇ. ಊಟಿ ನೋಡಿದವರು ಅದಕ್ಕಿಂತ ಹೆಚ್ಚು. ಮೇಕೆದಾಟು ಹೆಸರು ದಿನಾ ಟೀವಿಯಲ್ಲಿ, ಪೇಪರಿನಲ್ಲಿ ಬರುತ್ತೆ. ಆದರೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಮುಟ್ಟುವ ಜಾಗವನ್ನು ನಮ್ಮ ಮಕ್ಕಳೇ ಕಂಡಿಲ್ಲ. ಆದ್ದರಿಂದ ಆ ದಾರಿಯ ಚರಿತ್ರೆಯನ್ನೇ ಬರೆಯೋಣ ಎಂದು ಮನಸ್ಸು ಮಾಡಿದೆ.

ಮೊದಲು ದಾರಿ ಹೇಳಿಬಿಡುತ್ತೇನೆ. ಬೆಂಗಳೂರಿಂದ ಕನಕಪುರಕ್ಕೆ ಸುಮಾರು 55 ಕಿಲೋಮೀಟರು. ಅಲ್ಲಿಂದ ದೊಡ್ಡ ಆಲಹಳ್ಳಿ ಮೇಲೆ ಹೋದರೆ ಇನ್ನೊಂದು 35 ಕಿಲೋಮೀಟರಿಗೆ ಸಂಗಮ. ಅರ್ಕಾವತಿ ಹೊಳೆ ಬಂದು ಕಾವೇರಿಗೆ ಸೇರುವ ಜಾಗ ಇದು. ಸರ್ಕಾರಿ ಬಸ್ಸು ಅಲ್ಲಿಗೇ ನಿಲ್ಲುತ್ತೆ. ಮುಂದೆ ಅರ್ಕಾವತಿಯನ್ನು ದಾಟಬೇಕು. ಬೇಸಿಗೆಯಲ್ಲಿ ನೀರು ಕಮ್ಮಿ ಇದ್ದರೆ ನಡೆದೇ ದಾಟುತ್ತಾರೆ, ಇಲ್ಲವಾದರೆ ತೆಪ್ಪ. ಆಚೆ ದಡದಿಂದ ಕಾವೇರಿಯ ಎಡದಂಡೆ ಹಿಡಿದು 4 ಕಿಲೋಮೀಟರು ಕಾಡುದಾರಿ. ಕೊನೆಗೆ ಬಂಡೆ ಇಳಿದರೆ ಮೇಕೆದಾಟು. ಸುಮಾರು 150 ಮೀಟರ್ ಅಗಲಕ್ಕೆ ಹರಡಿಕೊಂಡು ಬಂದ ಹೊಳೆ ಅಲ್ಲಿ ಹತ್ತು ಮೀಟರಿನಷ್ಟು ಕಿರಿದಾದ ಕಂಡಿಯೊಳಗೆ ನುಗ್ಗುತ್ತೆ.

ಹುಲಿ ಅಟ್ಟಿಸಿಕೊಂಡು ಬಂದಾಗ ಮೇಕೆಯೊಂದು ಈ ಕಂಡಿಯನ್ನು ಹಾರಿ ಜೀವ ಉಳಿಸಿಕೊಂಡಿತಂತೆ, ಹುಲಿಗೆ ದಾಟೋಕೆ ಆಗಲಿಲ್ಲವಂತೆ. ಅದಕ್ಕೇ ಮೇಕೆದಾಟು ಅಂತ ಹೆಸರು ಎಂದು ಹಿರಿಯರು ಹೇಳುತ್ತಾರೆ. ಇದೇ ಹೊಳೆಯ ಮೇಲುಗಡೆ ಮುತ್ತತ್ತಿ ಇದೆ. ಸೀತಮ್ಮನವರ ಮೂಗುತಿಯ ಮುತ್ತು ಹೊಳೆಗೆ ಬಿದ್ದಾಗ ಆಂಜನೇಯ ಸ್ವಾಮಿ ಬಾಲದಿಂದ ಮಡುವನ್ನು ಕಲಕಿ ತೆಗೆದುಕೊಟ್ಟ, ಆದ್ದರಿಂದ ಅಲ್ಲಿಯ ಸ್ವಾಮಿಗೆ ಮುತ್ತೆತ್ತರಾಯ ಎಂದು ಹೆಸರು. ಕಥೆ ಏನೇ ಇರಲಿ, ಈ ಎರಡು ಹೆಸರಲ್ಲೂ ಒಂದು ಎಚ್ಚರಿಕೆ ಇದೆ. ಈ ನೀರಿಗೆ ಬಿದ್ದದ್ದು ಸುಲಭಕ್ಕೆ ಸಿಕ್ಕೋದಿಲ್ಲ.

ಆ ಕಂಡಿ ಯಾವ ರಾಜರೂ ಕಡಿಸಿದ್ದಲ್ಲ. ಬಂಡೆ ಮೇಲೆ ಒರಳಿನ ಹಾಗೆ ದುಂಡಗಿನ ಗುಂಡಿಗಳು ಕಾಣುತ್ತವೆ. ಪ್ರವಾಹದ ಸುಳಿಯಲ್ಲಿ ಸಿಕ್ಕಿದ ಬೆಣಚುಕಲ್ಲು ಒಂದೇ ಕಡೆ ಗಿರಗಿರ ತಿರುಗಿ ಕೊರೆದ ಗುಂಡಿಗಳು ಅವು. ಗುಂಡಿಗೆ ಗುಂಡಿ ಕೂಡಿಕೊಂಡು ನಡುವಿನ ಗೋಡೆ ಒಡೆದು ಕಂಡಿ ಆಳವಾಗುತ್ತಾ ಹೋಗುತ್ತೆ. ಲಕ್ಷಾಂತರ ವರ್ಷದ ಕೆಲಸ ಅದು.

ಇನ್ನು ಮನುಷ್ಯರ ಚರಿತ್ರೆಗೆ ಬರೋಣ. ಕನಕಪುರದ ಹಳೇ ಹೆಸರು ಕಾನಕಾನಹಳ್ಳಿ. 1791ರ ಮೇ ತಿಂಗಳಲ್ಲಿ ಇಂಗ್ಲಿಷರ ಕಾರ್ನ್‌ವಾಲಿಸ್ ಬೆಂಗಳೂರಿಂದ ಶ್ರೀರಂಗಪಟ್ಟಣಕ್ಕೆ ದಂಡು ತೆಗೆದುಕೊಂಡು ಹೋದಾಗ ಸಲೀಸಾದ ದಾರಿ ಬಿಟ್ಟು ಈ ಕಾನಕಾನಹಳ್ಳಿ ದಾರಿ ಹಿಡಿದ. ಟಿಪ್ಪು ಸುಲ್ತಾನ್ ದಾರಿಯುದ್ದಕ್ಕೂ ಮೇವು, ಧಾನ್ಯ ಸಿಕ್ಕದ ಹಾಗೆ ಮಾಡಿಸಿದ್ದ. ಶತ್ರುವಿಗೆ ಉಪಯೋಗ ಆಗಬಾರದೆಂದು ಕಾನಕಾನಹಳ್ಳಿ ಊರನ್ನೇ ಎರಡು ಸಲ ಹಾಳು ಮಾಡಿಸಿದ ಎಂದು ಚರಿತ್ರೆಯಲ್ಲಿದೆ. ಎತ್ತು ಸತ್ತು, ದಂಡು ಹಸಿದು, ಆ ಸಲ ಕಾರ್ನ್‌ವಾಲಿಸ್ ಪಟ್ಟಣ ಹಿಡಿಯಲಾಗದೆ ಹಿಂದಿರುಗಿದ. ಗೆದ್ದವರ ಹೆಸರು, ಸೋತವರ ಹೆಸರು ಪುಸ್ತಕದಲ್ಲಿ ಉಳಿದಿದೆ. ಬೆಳೆ ಸುಟ್ಟುಕೊಂಡ ರೈತರ ಹೆಸರು ಉಳಿದಿಲ್ಲ.

ಆಮೇಲಿನ ನೂರು ವರ್ಷಕ್ಕೆ ಕಾವೇರಿಗೆ ಬೇರೆ ಕೆಲಸ ಬಂತು. ಮೇಲುಗಡೆ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ತಯಾರಾಗಿ, ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಹೊಳೆ ಪಕ್ಕದ ಹಳ್ಳಿಗಳು ಮಾತ್ರ ಬುಡ್ಡಿದೀಪದಲ್ಲೇ ಬಹಳ ವರ್ಷ ಕಳೆದವು.

ಸರ್ಕಾರಿ ಬಸ್ಸಿನ ಚರಿತ್ರೆಯೂ ಹೇಳಬೇಕು. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳಿಂದ ಶುರುವಾಯಿತು. 1961ರಲ್ಲಿ ಅದು ನಿಗಮವಾಯಿತು. ಗಾಡಿ ಕಟ್ಟಿಕೊಂಡು ಎರಡು ದಿನ ಹೋಗಬೇಕಾದ ಜಾತ್ರೆ, ಸಂತೆ ಒಂದು ಹಗಲಿನ ಪ್ರಯಾಣವಾಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲದ ಮೇಲೆ, ಜೀವನದಲ್ಲಿ ಒಂದು ಸಲವೂ ಹೊಳೆ ಕಡೆ ಬಾರದಿದ್ದ ನಮ್ಮ ಅಮ್ಮಂದಿರು, ಅಜ್ಜಿಯಂದಿರು ಗುಂಪು ಕಟ್ಟಿಕೊಂಡು ಬಂದು ಸಂಗಮದಲ್ಲಿ ಬುತ್ತಿ ಬಿಚ್ಚುವುದನ್ನು ಕಂಡಿದ್ದೇನೆ. ಕಾರಿದ್ದವರಿಗೆ ಮಾತ್ರ ಸೇರಿದ ಜಾಗವಲ್ಲ ಅದು.

ಈ ಬಸ್ಸಿನ ಕಿಟಕಿಯಿಂದ ಒಂದು ವಿಷಯ ಗಮನಿಸಬೇಕು. ನಾವು ಕನಕಪುರ ರಸ್ತೆಯಲ್ಲಿ ಕೆಳಗೆ ಹೊಳೆ ಕಡೆ ಬರುತ್ತೇವೆ. ಕಾವೇರಿ ನೀರು ಇದೇ ಕಡೆಯಿಂದ ಕೊಳವೆಯಲ್ಲಿ ಮೇಲಕ್ಕೆ ಬೆಂಗಳೂರಿಗೆ ಹೋಗುತ್ತೆ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿ, ಆಮೇಲೆ ಹಾರೋಹಳ್ಳಿ, ತಾತಗುಣಿ, ಈ ಮೂರು ಕಡೆ ಪಂಪು ಮಾಡಿ ಸುಮಾರು 100 ಕಿಲೋಮೀಟರ್ ದೂರಕ್ಕೆ, 500 ಮೀಟರ್ ಎತ್ತರಕ್ಕೆ ಏರಿಸುತ್ತಾರೆ. ಮೊದಲ ಹಂತ ಮುಗಿದದ್ದು 1974ರಲ್ಲಿ. 2024ರ ಅಕ್ಟೋಬರಿನಲ್ಲಿ ಐದನೇ ಹಂತ ಉದ್ಘಾಟನೆಯಾಗಿ, ಮೊದಲಿದ್ದ ದಿನಕ್ಕೆ 145 ಕೋಟಿ ಲೀಟರಿನ ಜೊತೆಗೆ ಇನ್ನೂ 77.5 ಕೋಟಿ ಲೀಟರ್ ಸಾಮರ್ಥ್ಯ ಸೇರಿತು.

ಹೀಗೆ ಮೇಲಕ್ಕೆ ಹೋದ ನೀರು ಏನಾಗುತ್ತೆ? ಬೆಂಗಳೂರಲ್ಲಿ ಬಳಸಿದ ಮೇಲೆ ಒಂದು ಪಾಲು ವೃಷಭಾವತಿಗೆ ಇಳಿಯುತ್ತೆ. ವೃಷಭಾವತಿ ಅರ್ಕಾವತಿಗೆ ಸೇರುತ್ತೆ. ನಂದಿಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿಯೂ ಸಣ್ಣ ಹೊಳೆ ಅಲ್ಲ. ಮೊದಲು ಹೆಸರಘಟ್ಟದಿಂದ, 1933ರಿಂದ ತಿಪ್ಪಗೊಂಡನಹಳ್ಳಿಯಿಂದ ಬೆಂಗಳೂರಿಗೆ ನೀರು ಕೊಟ್ಟ ತಾಯಿ ಅದು. ಇವತ್ತು ಅದೇ ತಾಯಿ ಪಟ್ಟಣದ ಕೊಳೆ ಹೊತ್ತುಕೊಂಡು ನಮ್ಮ ತಾಲ್ಲೂಕು ಹಾಯ್ದು ಬಂದು ಸಂಗಮದಲ್ಲಿ ಕಾವೇರಿಗೆ ಒಪ್ಪಿಸುತ್ತಾಳೆ. ಜಮಾ ಎಲ್ಲಿ, ಖರ್ಚು ಎಲ್ಲಿ ಅಂತ ನಾವು ಸಂಘದಲ್ಲಿ ಪ್ರತಿ ವರ್ಷ ಆಡಿಟ್ ಮಾಡಿಸುತ್ತೇವೆ. ಹೊಳೆಯ ಆಡಿಟ್ ನೋಡಬೇಕಾದರೆ ಸಂಗಮದಲ್ಲಿ ನಿಂತು ಎರಡು ನೀರನ್ನೂ ನೋಡಬೇಕು. ಪುಸ್ತಕ ಓದುವ ಅಗತ್ಯವೇ ಇಲ್ಲ.

ನಾನು ಮೊದಲ ಸಲ ಅಲ್ಲಿ ನಡೆದದ್ದು 1996ರ ಬೇಸಿಗೆಯಲ್ಲಿ, ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದಾಗ. ಆರು ಜನ ಹುಡುಗರು, ಮನೆಯಲ್ಲಿ ಸರಿಯಾಗಿ ಹೇಳಿರಲಿಲ್ಲ. ಮೊಣಕಾಲುದ್ದ ನೀರು ಅಂತ ಕೈಕೈ ಬಿಟ್ಟು ದಾಟುತ್ತಿದ್ದೆವು. ಪಾಚಿ ಬಂಡೆ ಮೇಲೆ ಕಾಲು ಜಾರಿ ನಾನು ಮಡುವಿಗೆ ಬಿದ್ದೆ. ಈಜು ಬರುತ್ತಿತ್ತು, ಆದರೆ ಬಾವಿಯ ಈಜು ಬೇರೆ, ಹೊಳೆಯ ಸೆಳೆತ ಬೇರೆ. ತೆಪ್ಪದವರೊಬ್ಬರು ಹುಟ್ಟು ಚಾಚಿ ಎಳೆದುಕೊಂಡರು. ದುಡ್ಡು ಕೊಡೋಕೆ ಹೋದರೆ ಬೈದರು. "ನಿಮ್ಮಪ್ಪನಿಗೆ ಹೇಳು, ಮಗ ವಾಪಸ್ ಬಂದಿದ್ದಾನೆ ಅಂತ" ಅಂದರು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ಹಾಗೆ ವಾಪಸ್ ಬಾರದ ಮಕ್ಕಳು ಎಷ್ಟೋ. ಇಲ್ಲಿ ಮಳೆ ಇಲ್ಲದೆ ಬಿಸಿಲಿದ್ದರೂ ಮೇಲೆ ಕನ್ನಂಬಾಡಿಯಿಂದಲೋ ಕಬಿನಿಯಿಂದಲೋ ನೀರು ಬಿಟ್ಟರೆ ಹೊಳೆ ಏರುತ್ತೆ. ಆದ್ದರಿಂದ ಹೋಗುವವರು ಫಲಕದ ಮಾತು, ಅರಣ್ಯದವರ ಮಾತು, ತೆಪ್ಪದವರ ಮಾತು ಕೇಳಲೇಬೇಕು. ದಾಟಬೇಡಿ ಅಂದ ದಿನ ಸಂಗಮದಲ್ಲೇ ಬುತ್ತಿ ತಿಂದು ಬಸ್ಸು ಹತ್ತಬೇಕು. ಮೇಕೆದಾಟು ಬಂಡೆ ತುದಿಯಲ್ಲಿ ಫೋಟೋ ತೆಗೆಯುವ ಹುಚ್ಚು ಬೇಡ.

ಕಾಡಿನ ವಿಷಯಕ್ಕೆ ಬಂದರೆ, 1987ರಲ್ಲಿ ಇದು ಕಾವೇರಿ ವನ್ಯಜೀವಿ ಧಾಮವಾಯಿತು. ಆನೆ, ಮೊಸಳೆ, ಬೂದುಬಣ್ಣದ ದೊಡ್ಡ ಅಳಿಲು ಇಲ್ಲಿವೆ. ಈ ಹೊಳೆಗೆ ಮಾತ್ರ ಸೇರಿದ ಬೆನ್ನುಗೂನಿನ ಮಹಶೀರ್ ಮೀನನ್ನು 2018ರಲ್ಲಿ ಜಗತ್ತಿನಲ್ಲೇ ಅಳಿವಿನ ಅಂಚಿಗೆ ಬಂದ ಜೀವಿಗಳ ಪಟ್ಟಿಗೆ ಸೇರಿಸಿದ್ದಾರೆ. ಆದ್ದರಿಂದ ಸಿಕ್ಕ ಕಡೆ ಕಾಡಿಗೆ ನುಗ್ಗಬಾರದು, ಇಲಾಖೆಯವರು ಬಿಟ್ಟ ದಾರಿಯಲ್ಲಷ್ಟೇ ನಡೆಯಬೇಕು.

ಕೊನೆಯದಾಗಿ, ಎಲ್ಲರೂ ಕೇಳುವ ಅಣೆಕಟ್ಟಿನ ವಿಷಯ. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಬಿಡಬೇಕಾದ ನೀರನ್ನು 177.25 ಟಿಎಂಸಿ ಎಂದು ತೀರ್ಮಾನಿಸಿ, ಬೆಂಗಳೂರಿನ ಕುಡಿಯುವ ನೀರಿಗೆಂದು 4.75 ಟಿಎಂಸಿ ಹೆಚ್ಚಿಗೆ ಕೊಟ್ಟಿತು. ಮೇಕೆದಾಟು ಯೋಜನೆಯಲ್ಲಿ 67.16 ಟಿಎಂಸಿ ನೀರು ನಿಲ್ಲಿಸಿ, 400 ಮೆಗಾವ್ಯಾಟ್ ವಿದ್ಯುತ್ ತೆಗೆಯುವುದೆಂದು ಸರ್ಕಾರದ ಲೆಕ್ಕ. 2022ರ ಜನವರಿಯಲ್ಲಿ ಇದಕ್ಕಾಗಿ ಸಂಗಮದಿಂದಲೇ ಪಾದಯಾತ್ರೆ ಹೊರಟಿದ್ದು ನಮಗೆಲ್ಲ ಗೊತ್ತು. ಯೋಜನೆ ಪ್ರಕಾರ ಸುಮಾರು 5 ಸಾವಿರ ಹೆಕ್ಟೇರ್ ಮುಳುಗಡೆ, ಅದರಲ್ಲಿ ಬಹುಪಾಲು ಕಾಡು. ಸಂಗಮ, ಮುತ್ತತ್ತಿ ಎರಡೂ ಅದರೊಳಗೆ ಬರುತ್ತವೆ.

ಅಣೆಕಟ್ಟು ಬೇಕೋ ಬೇಡವೋ ಎಂದು ತೀರ್ಪು ಕೊಡೋಕೆ ನಾನು ಇದನ್ನು ಬರೆಯಲಿಲ್ಲ. ಬೆಂಗಳೂರಲ್ಲಿ ನಮ್ಮ ಮಕ್ಕಳೇ ಕೊಡ ಹಿಡಿದು ನಿಂತಿದ್ದಾರೆ, ಅವರಿಗೆ ನೀರು ಬೇಡ ಅಂತ ಹೇಳುವ ಬಾಯಿ ನನಗಿಲ್ಲ. ಹಾಗೇ ಸಂಗಮ ಮುಳುಗಿದರೆ ಏನೂ ಹೋಗೋದಿಲ್ಲ ಅಂತ ಹೇಳುವ ಬಾಯಿಯೂ ಇಲ್ಲ. ನೋಡದೆ ಬೇಕು ಅನ್ನುವುದೂ ತಪ್ಪು, ನೋಡದೆ ಬೇಡ ಅನ್ನುವುದೂ ತಪ್ಪು. ಸಾಲದ ಅರ್ಜಿ ಬಂದರೆ ನಾವು ನಿರ್ದೇಶಕರು ಮೊದಲು ಹೊಲಕ್ಕೆ ಹೋಗಿ ನೋಡಿ ಬರುವುದಿಲ್ಲವೇ? ಇದೂ ಹಾಗೆಯೇ.

ಆದ್ದರಿಂದ ಸದಸ್ಯ ಬಾಂಧವರಲ್ಲಿ ನನ್ನದೊಂದು ಕೋರಿಕೆ. ಬೆಳ್ಳಿಹಬ್ಬದ ವರ್ಷದಲ್ಲಿ, ನೀರು ಇಳಿದ ಮೇಲೆ, ನಮ್ಮೂರ ಹೈಸ್ಕೂಲು ಮಕ್ಕಳನ್ನು ದೊಡ್ಡವರ ಜೊತೆ ಒಂದು ದಿನ ಬಸ್ಸಿನಲ್ಲಿ ಸಂಗಮಕ್ಕೆ ಕರೆದುಕೊಂಡು ಹೋಗೋಣ. ನಾಲ್ಕು ಮೈಲಿಯೂ ಇಲ್ಲದ ದಾರಿ, ನಡೆದೇ ಹೋಗೋಣ. ಪ್ಲಾಸ್ಟಿಕ್ ಅಲ್ಲಿ ಬಿಡದೆ ವಾಪಸ್ ತರೋಣ. ಮುಂದೆ ಆ ದಾರಿ ಉಳಿದರೂ ಸರಿ, ನೀರಿನ ಕೆಳಗೆ ಹೋದರೂ ಸರಿ, ಇದು ಹೀಗಿತ್ತು, ನಾನು ನಡೆದಿದ್ದೆ ಎಂದು ಹೇಳುವವರು ನಮ್ಮೂರಲ್ಲಿ ನಾಲ್ಕು ಜನ ಅಲ್ಲ, ನಾನೂರು ಜನ ಇರಲಿ.

ಬರವಣಿಗೆಯಲ್ಲಿ ತಪ್ಪಿದ್ದರೆ ಹಿರಿಯರು ತಿದ್ದಿ ಮನ್ನಿಸಬೇಕು. ಸಂಘ ಸುವರ್ಣ ಮಹೋತ್ಸವ ಕಾಣಲಿ.